ಹಿತ್ತಲ ಗಿಡ ಡಬ್ಬಿಯೊಳಗೆ ಹೊಕ್ಕಾಗ

ಸಕಲೇಶಪುರದಿಂದಾಚೆ ಹೆತ್ತೂರು ಕಡೆಯ ತೋಟದ ಮನೆಯಲ್ಲಿರುವ ನಮ್ಮ ಅತ್ತಿಗೆ, ಕಾಫಿ ಕೊಯ್ಲು ಮುಗಿಸಿಕೊಂಡು ಹಾಸನಕ್ಕೆ ಬಂದವರು, ಊಟವಾದ ಮೇಲೆ ಚೀಲದಿಂದ ಒಂದು ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಪರಿಚಯದವರೊಬ್ಬರು ಮನೆಗೇ ಬಂದು ಕೊಟ್ಟುಹೋದದ್ದಂತೆ. ಬೆಲೆ ಎರಡು ಸಾವಿರಕ್ಕೆ ಹತ್ತಿರ. ಬೆಳಿಗ್ಗೆ, ಸಂಜೆ ಬಿಸಿನೀರಿಗೆ ಒಂದೊಂದು ಚಮಚ ಹಾಕಿ ಕುಡಿಯಬೇಕು. "ಸುಸ್ತು ಹೋಗುತ್ತದಂತೆ, ತೂಕವೂ ಇಳಿಯುತ್ತದಂತೆ. ನೀನು ಇಂಥದ್ದನ್ನೆಲ್ಲ ಓದುತ್ತಿರುತ್ತೀಯಲ್ಲ, ನೋಡಿ ಹೇಳು" ಎಂದರು.

ಕನ್ನಡಕ ಹುಡುಕಿ, ಡಬ್ಬಿಯ ಹಿಂಬದಿಯಲ್ಲಿ ಇರುವೆ ಸಾಲಿನಂತಿದ್ದ ಅಕ್ಷರಗಳನ್ನು ಓದಿದೆ. ಹಸಿರು ಕಾಫಿ ಬೀಜದ ಸಾರ. ಗಾರ್ಸೀನಿಯಾ ಸಾರ. ಹಸಿರು ಚಹಾದ ಸಾರ. ಕ್ರೋಮಿಯಂ. ಒಂದಷ್ಟು ಬಿ ವಿಟಮಿನ್‌ಗಳು. ನಗು ತಡೆಯಲಾಗಲಿಲ್ಲ. ಹಸಿರು ಕಾಫಿ ಎಂದರೆ ಹುರಿಯದ ಕಾಫಿ ಬೀಜ. ಅತ್ತಿಗೆಯ ಕಣದಲ್ಲಿ ಒಣಗಿ, ಮೂಟೆ ಕಟ್ಟಿಸಿಕೊಂಡು, ಬೀಜ ಸಂಸ್ಕರಿಸುವ ಹಾಸನದ ಕ್ಯೂರಿಂಗ್ ವರ್ಕ್ಸ್ ದಾಟಿ ಹೋಗುವುದೇ ಅದು. ಗಾರ್ಸೀನಿಯಾ ಎಂದರೆ ನಮ್ಮ ಉಪ್ಪಾಗೆ, ಘಟ್ಟದ ಕಾಡಿನ ಹುಳಿ ಹಣ್ಣು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಹಳೆಯ ಮಾತು. ಅದೇ ಗಿಡ ಪೇಟೆಗೆ ಹೋಗಿ, ಹೆಸರು ಬದಲಿಸಿಕೊಂಡು, ಡಬ್ಬಿಯೊಳಗೆ ಕುಳಿತು ಹಿಂದಿರುಗಿದರೆ ಎರಡು ಸಾವಿರ ರೂಪಾಯಿಯ ಮದ್ದಾಗುತ್ತದೆ.

ಅತ್ತಿಗೆ ಒಂದೇ ಉಸಿರಿನಲ್ಲಿ ಕೇಳಿದ್ದು ಎರಡು ಪ್ರಶ್ನೆ. ಸುಸ್ತಿನ ಲೆಕ್ಕ ಬೇರೆ, ತೂಕದ ಲೆಕ್ಕ ಬೇರೆ. ಮಾರುವವರಿಗೆ ಎರಡನ್ನೂ ಒಂದೇ ಕಟ್ಟಿನಲ್ಲಿ ಕಟ್ಟುವುದು ಅನುಕೂಲ; ಏಕೆಂದರೆ ನಲವತ್ತು ದಾಟಿದ ಹೆಚ್ಚಿನವರಿಗೆ ಈ ಎರಡರಲ್ಲಿ ಒಂದಾದರೂ ಇದ್ದೇ ಇರುತ್ತದೆ.

ಹಾಸನದಲ್ಲಿ ಈ ಮಾತು ಇತ್ತೀಚೆಗೆ ಹೆಚ್ಚಾಗಿರುವುದಕ್ಕೆ ಕಾರಣವೂ ಇದೆ. 2025ರ ಮೇ, ಜೂನ್ ತಿಂಗಳುಗಳಲ್ಲಿ, ಸುಮಾರು ನಲವತ್ತು ದಿನಗಳ ಅವಧಿಯಲ್ಲಿ, ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಸತ್ತರೆಂಬ ಸುದ್ದಿ ದಿನವೂ ಟಿವಿಯಲ್ಲಿ ಬಂತು. ಸತ್ತವರಲ್ಲಿ ಯುವಕರೂ ಇದ್ದರು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವವೇ ಸಾಲು ನಿಲ್ಲತೊಡಗಿತು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಜುಲೈನಲ್ಲಿ ಬಂದ ವರದಿ, ಹೃದಯಾಘಾತದ ಸಾವುಗಳು ಜಿಲ್ಲೆಯಲ್ಲಿ ಅಸಹಜವಾಗಿ ಏರಿಲ್ಲ ಎಂದಿತು. ವರದಿ ಹೇಳಿದ್ದನ್ನು ನೆನಪಿಟ್ಟವರು ಕಡಿಮೆ, ಹೆದರಿಕೆ ಮಾತ್ರ ಉಳಿಯಿತು. ಮಹಾರಾಜ ಪಾರ್ಕಿನಲ್ಲಿ ಬೆಳಗಿನ ನಡಿಗೆಗೆ ಹೊಸ ಮುಖಗಳು ಬಂದವು, ಅದು ಒಳ್ಳೆಯದೇ. ಅದರ ಹಿಂದೆಯೇ 'ಬೊಜ್ಜು ಕರಗಿಸುವ', 'ಚೈತನ್ಯ ತುಂಬುವ' ಡಬ್ಬಿಗಳೂ ಬಂದವು. ಎದೆಯ ಹೆದರಿಕೆಯಿಂದ ಕೊಂಡ ಡಬ್ಬಿ ಎದೆಗೇ ಕೆಡುಕಾಗಬಹುದು ಎನ್ನುವ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ಹಸಿರು ಕಾಫಿ. ಇದರ ಕಥೆಯನ್ನು ಕಾಫಿ ಬೆಳೆಯುವ ಜಿಲ್ಲೆಯವರು ಪೂರ್ತಿ ಕೇಳಬೇಕು.

ಹುರಿಯದ ಬೀಜದಲ್ಲಿ ಕ್ಲೋರೋಜೆನಿಕ್ ಆಮ್ಲ ಎಂಬುದು ಹೇರಳವಾಗಿರುತ್ತದೆ, ಅರೇಬಿಕಾಕ್ಕಿಂತ ರೊಬಸ್ಟಾದಲ್ಲಿ ಹೆಚ್ಚು. ಹುರಿದಂತೆಲ್ಲ ಅದು ಒಡೆದು ಕಡಿಮೆಯಾಗುತ್ತದೆ. ಸಕ್ಕರೆ ರಕ್ತಕ್ಕೆ ಸೇರುವ ವೇಗವನ್ನು ಈ ಆಮ್ಲ ತುಸು ತಗ್ಗಿಸಬಹುದು ಎಂಬ ಸುಳಿವು ಪ್ರಯೋಗಾಲಯಗಳಲ್ಲಿತ್ತು. ಅಮೆರಿಕದ ಅಪ್ಲೈಡ್ ಫುಡ್ ಸೈನ್ಸಸ್ ಎಂಬ ಕಂಪನಿ ಹಣ ಕೊಟ್ಟು ಒಂದು ಪ್ರಯೋಗ ಮಾಡಿಸಿತು. ಎಲ್ಲಿ? ನಮ್ಮದೇ ದೇಶದಲ್ಲಿ. ಎಷ್ಟು ಜನರ ಮೇಲೆ? ಹದಿನಾರು. 2012ರಲ್ಲಿ ಅದು ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು: 22 ವಾರಗಳಲ್ಲಿ ಸರಾಸರಿ ಎಂಟು ಕಿಲೋ ಇಳಿಕೆ. ಪಥ್ಯವಿದ್ದರೂ ಸರಿ, ಇಲ್ಲದಿದ್ದರೂ ಸರಿ, ವ್ಯಾಯಾಮ ಮಾಡಿದರೂ ಸರಿ, ಬಿಟ್ಟರೂ ಸರಿ ಎಂದು ಕಂಪನಿ ಡಂಗುರ ಹೊಡೆಯಿತು. ಅದೇ ವರ್ಷ ಅಮೆರಿಕದ ಟಿವಿ ವೈದ್ಯ ಡಾ. ಓಜ್ ತಮ್ಮ ಕಾರ್ಯಕ್ರಮದಲ್ಲಿ ಇದನ್ನು ಹಾಡಿ ಹೊಗಳಿದರು. ಮಾರಾಟ ಒಮ್ಮೆಲೇ ಏರಿತು.

ಆಮೇಲೆ ಸುಳ್ಳು ಜಾಹೀರಾತುಗಳ ಮೇಲೆ ಕಣ್ಣಿಡುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಕಡತ ಬಿಚ್ಚಿತು. ಪ್ರಯೋಗ ನಡೆಸಿದ ಮುಖ್ಯ ಸಂಶೋಧಕರು ಜನರ ತೂಕವನ್ನೂ ಇತರ ಅಳತೆಗಳನ್ನೂ ಮತ್ತೆ ಮತ್ತೆ ತಿದ್ದಿದ್ದರು, ಪ್ರಯೋಗದ ಅವಧಿಯನ್ನು ಬದಲಿಸಿದ್ದರು, ಯಾರಿಗೆ ನಿಜವಾದ ಮಾತ್ರೆ, ಯಾರಿಗೆ ಹೋಲಿಕೆಗೆಂದು ಕೊಡುವ, ಒಳಗೆ ಏನೂ ಇಲ್ಲದ ಹುಸಿ ಮಾತ್ರೆ ಎಂಬುದನ್ನೇ ತಪ್ಪಾಗಿ ಬರೆದಿದ್ದರು ಎಂದು ಆರೋಪಿಸಿತು. ಕಂಪನಿ 2014ರಲ್ಲಿ 35 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಪ್ರಬಂಧವನ್ನು ಹಿಂದಕ್ಕೆ ಪಡೆಯಲಾಯಿತು. ಅದೇ ವರ್ಷದ ಜೂನ್‌ನಲ್ಲಿ ಅಮೆರಿಕದ ಸೆನೆಟ್ ಸಮಿತಿ ಡಾ. ಓಜ್ ಅವರನ್ನು ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳಿತು. ಪ್ರಬಂಧ ಸತ್ತು ಹತ್ತು ವರ್ಷ ಕಳೆದ ಮೇಲೂ ಅದರ ಬಾಲ ಹಿಡಿದ ಡಬ್ಬಿ ಹೆತ್ತೂರಿನ ಅಡುಗೆಮನೆಗೆ ಬರುತ್ತದೆ. ಹುರಿಯದ ಬೀಜ ವಿಷವೇನಲ್ಲ. ಅದರಲ್ಲಿ ಕೆಫೀನ್ ಇದೆ, ಆದ್ದರಿಂದ ರಾತ್ರಿ ಕುಡಿದರೆ ನಿದ್ದೆ ಕೆಡುತ್ತದೆ. ಹೊಟ್ಟೆ ಕರಗಿಸುತ್ತದೆ ಎನ್ನುವುದಕ್ಕೆ ಇದ್ದ ದೊಡ್ಡ ಸಾಕ್ಷಿ ಮಾತ್ರ ಬಿದ್ದುಹೋಗಿದೆ.

ಸೇಬಿನ ವಿನೆಗರ್‌ಗೂ ಹೀಗೆಯೇ ಆಯಿತು. ಲೆಬನಾನ್‌ನ ಯುವಕ ಯುವತಿಯರ ಮೇಲೆ ನಡೆದ ಪ್ರಯೋಗ 2024ರಲ್ಲಿ ಪ್ರಕಟವಾಗಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. 2025ರಲ್ಲಿ ಪ್ರಕಾಶಕರು ಅದನ್ನು ಹಿಂಪಡೆದರು. ಮೊದಲ ಸುದ್ದಿ ಬಂದಾಗ ಬಾಟಲಿ ಕೊಂಡವರಲ್ಲಿ ಎಷ್ಟು ಜನ ಎರಡನೆಯ ಸುದ್ದಿ ಓದಿರಬಹುದು?

ಇನ್ನು ಉಪ್ಪಾಗೆ. ಕೊಡಗಿನವರ ಕಾಚಂಪುಳಿ ಆಗುವುದು ಇದೇ ಹಣ್ಣಿನಿಂದ, ಕೇರಳದವರು ಮೀನು ಸಾರಿಗೆ ಹಾಕುವ ಕುಡಂಪುಳಿ ಇದೇ. ಮಲೆನಾಡಿನಲ್ಲಿ ಸಿಪ್ಪೆಯನ್ನು ಹೊಗೆಗೂಡಿನಲ್ಲಿ ಒಣಗಿಸಿ ಇಟ್ಟುಕೊಳ್ಳುತ್ತಾರೆ, ಬೀಜದಿಂದ ತುಪ್ಪ ತೆಗೆಯುವವರೂ ಇದ್ದಾರೆ. ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ, ದೇಹ ಸಕ್ಕರೆಯನ್ನು ಕೊಬ್ಬಾಗಿ ಪರಿವರ್ತಿಸುವ ಒಂದು ಕಿಣ್ವಕ್ಕೆ ಅಡ್ಡಗಾಲು ಹಾಕುತ್ತದೆ ಎಂದು ಪ್ರಯೋಗಾಲಯದಲ್ಲಿ ಕಂಡಿತ್ತು. ಈ ಸುಳಿವೊಂದರಿಂದಲೇ ವಿದೇಶಿ ಬೇಡಿಕೆ ಹುಟ್ಟಿ, ಘಟ್ಟದ ಊರುಗಳಲ್ಲಿ ಕಾಡಿನ ಉಪ್ಪಾಗೆ ಕೊಯ್ಯಲು ಪೈಪೋಟಿ ನಡೆದ ಕಾಲವಿತ್ತು. ಕೊಂಬೆ ಸಹಿತ ಕಡಿದು ತಂದವರೂ ಉಂಟು.

ಈ ಆಮ್ಲಕ್ಕೆ ಸರಿಯಾದ ಪರೀಕ್ಷೆ ನಡೆದದ್ದು 1998ರಲ್ಲಿ. ನ್ಯೂಯಾರ್ಕಿನಲ್ಲಿ 135 ಮಂದಿ ಸ್ಥೂಲಕಾಯರನ್ನು ಎರಡು ಗುಂಪು ಮಾಡಿದರು. ಎರಡೂ ಗುಂಪಿಗೆ ಒಂದೇ ಬಗೆಯ ಮಿತವಾದ ಊಟ. ಒಂದು ಗುಂಪಿಗೆ ದಿನಕ್ಕೆ 1500 ಮಿಲಿಗ್ರಾಂ ಉಪ್ಪಾಗೆ ಆಮ್ಲ, ಇನ್ನೊಂದಕ್ಕೆ ಹುಸಿ ಮಾತ್ರೆ. ಹನ್ನೆರಡು ವಾರದ ಕೊನೆಯಲ್ಲಿ ಉಪ್ಪಾಗೆ ತಿಂದವರು ಸರಾಸರಿ 3.2 ಕಿಲೋ ಇಳಿದಿದ್ದರು. ಹುಸಿ ಮಾತ್ರೆಯವರು 4.1 ಕಿಲೋ. ಈ ವ್ಯತ್ಯಾಸ ಲೆಕ್ಕಕ್ಕೆ ಬರುವಷ್ಟು ದೊಡ್ಡದಲ್ಲ, ಎರಡೂ ಒಂದೇ ಎಂದು ತಿಳಿಯಬೇಕು. ಆದರೂ ಹೇಳದೆ ಇರಲಾರೆ: ಏನೂ ಇಲ್ಲದ ಮಾತ್ರೆ ಕೂದಲೆಳೆ ಮುಂದಿತ್ತು. ತೂಕ ಇಳಿಸಿದ್ದು ಮಿತವಾದ ಊಟ.

ಸಾರಿನಲ್ಲಿ ಹಾಕುವ ಎರಡು ಚೂರು ಉಪ್ಪಾಗೆ ಬೇರೆ, ಅದನ್ನು ಹಿಂಡಿ ಗಟ್ಟಿ ಮಾಡಿ ದಿನವೂ ಗ್ರಾಂಗಟ್ಟಲೆ ನುಂಗುವುದು ಬೇರೆ. ಗಾರ್ಸೀನಿಯಾ ಮಾತ್ರೆ ತಿಂದವರಲ್ಲಿ ಪಿತ್ತಜನಕಾಂಗಕ್ಕೆ ಪೆಟ್ಟು ಬಿದ್ದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಅಮೆರಿಕದಲ್ಲಿ ಬಹಳ ಮಾರಾಟವಾಗುತ್ತಿದ್ದ ಹೈಡ್ರಾಕ್ಸಿಕಟ್ ಎಂಬ ಉತ್ಪನ್ನವನ್ನು 2009ರ ಮೇ ತಿಂಗಳಲ್ಲಿ ಮಾರುಕಟ್ಟೆಯಿಂದ ಹಿಂದಕ್ಕೆ ತರಿಸಿದರು. ಆಗ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಬಳಿ ಪಿತ್ತಜನಕಾಂಗದ ತೊಂದರೆಯ 23 ಗಂಭೀರ ದೂರುಗಳಿದ್ದವು, ಒಂದು ಸಾವೂ ಸೇರಿದಂತೆ. ಅದರ ಕೆಲವು ಬಗೆಗಳಲ್ಲಿ ಗಾರ್ಸೀನಿಯಾ ಇತ್ತು. ಅದೇ ಕಾರಣವೆಂದು ಬೆರಳು ತೋರಿಸುವುದು ಸುಲಭವಲ್ಲ, ಏಕೆಂದರೆ ಒಂದೇ ಡಬ್ಬಿಯಲ್ಲಿ ಹತ್ತಾರು ಪದಾರ್ಥ ಬೆರೆಸುವುದು ಈ ವ್ಯಾಪಾರದ ರೂಢಿ. ಬೆರೆಸಿದರೆ ತಪ್ಪಿತಸ್ಥನನ್ನು ಹಿಡಿಯುವುದು ಕಷ್ಟ. ಹಸಿರು ಚಹಾದ ಸಾರಕ್ಕೂ ಇದೇ ಮಾತು: ಲೋಟದಲ್ಲಿ ಕುಡಿದರೆ ಚಿಂತೆಯಿಲ್ಲ, ಮಾತ್ರೆಯ ರೂಪದಲ್ಲಿ ಅದರ ಮುಖ್ಯ ಅಂಶ ದಿನಕ್ಕೆ 800 ಮಿಲಿಗ್ರಾಂ ಮುಟ್ಟಿದರೆ ಪಿತ್ತಜನಕಾಂಗಕ್ಕೆ ಅಪಾಯವಿದೆ ಎಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲಿ ಎಚ್ಚರಿಸಿತು. ತೂಕದ ವಿಷಯದಲ್ಲಿ ಅದರ ಪ್ರಭಾವ ಲೆಕ್ಕಕ್ಕೆ ಸಿಗದಷ್ಟು ಸಣ್ಣದು.

ಉಳಿದವುಗಳ ಮೇಲೆ ಹೆಚ್ಚು ಹೊತ್ತು ಕಳೆಯುವುದು ಬೇಡ. ತೂಕ ಇಳಿಸುವ ಪೂರಕಗಳು (ಸಪ್ಲಿಮೆಂಟ್) ಮತ್ತು ಪರ್ಯಾಯ ಚಿಕಿತ್ಸೆಗಳ ಮೇಲೆ ನಡೆದ 315 ಪ್ರಯೋಗಗಳನ್ನು 2021ರಲ್ಲಿ ಒಂದೆಡೆ ಗುಡ್ಡೆ ಹಾಕಿ ಜಾಲಿಸಿದರು. ನಂಬುವಂತೆ ನಡೆಸಿದ್ದು 52 ಮಾತ್ರ. ಅವುಗಳಲ್ಲೂ ಹುಸಿ ಮಾತ್ರೆಗಿಂತ ವ್ಯತ್ಯಾಸ ಕಂಡದ್ದು 16ರಲ್ಲಿ, ಅದೂ ಮುನ್ನೂರು ಗ್ರಾಂನಿಂದ ಹೆಚ್ಚೆಂದರೆ ಐದು ಕಿಲೋದವರೆಗೆ. ಕ್ರೋಮಿಯಂ, ಕಾರ್ನಿಟಿನ್ ಮುಂತಾದವು ಒಂದು ಕಿಲೋ ಆಸುಪಾಸಿನಲ್ಲಿ ತೆವಳುತ್ತವೆ. ಒಂದು ಕಿಲೋ ಎಂದರೆ ಬೆಳಿಗ್ಗೆ ತೂಗಿದ್ದಕ್ಕೂ ರಾತ್ರಿ ಉಂಡು ತೂಗಿದ್ದಕ್ಕೂ ಇರುವ ಅಂತರ. ಗ್ಲೂಕೋಮನ್ನಾನ್ ಎಂಬ ಗಡ್ಡೆಯ ನಾರಿಗೆ ಮಾತ್ರ, ಊಟ ಕಡಿಮೆ ಮಾಡಿದವರಲ್ಲಿ ದಿನಕ್ಕೆ ಮೂರು ಗ್ರಾಂ ಸಹಾಯ ಮಾಡಬಹುದು ಎಂದು ಯುರೋಪಿನ ಸಂಸ್ಥೆ 2010ರಲ್ಲಿ ಒಪ್ಪಿತು. ಹೊಟ್ಟೆಯಲ್ಲಿ ಉಬ್ಬಿ ತುಂಬಿದಂತೆ ಮಾಡುವುದು ಅದರ ಕೆಲಸ. ನೀರು ಸಾಲದಿದ್ದರೆ ಗಂಟಲಲ್ಲೇ ಉಬ್ಬುತ್ತದೆ.

ಹಾಗಾದರೆ ಡಬ್ಬಿಯಿಂದ ನಿಜವಾಗಿ ಇಳಿದವರನ್ನು ನಾವು ಕಂಡಿಲ್ಲವೇ? ಕಂಡಿದ್ದೇವೆ. ನನಗೆ ಹೆಚ್ಚು ಭಯ ಹುಟ್ಟಿಸುವುದು ಅವರೇ.

'ಗಿಡಮೂಲಿಕೆ' ಎಂದು ಬರೆದ ಪುಡಿ ತಿಂದು ಒಂದು ತಿಂಗಳಲ್ಲಿ ಹಸಿವೇ ಸತ್ತು ಆರೇಳು ಕಿಲೋ ಕಳೆದುಕೊಂಡರೆ, ಒಳಗೆ ಮೂಲಿಕೆಯ ಜೊತೆಗೆ ಬೇರೇನೋ ಇದೆ ಎಂದು ಅನುಮಾನಿಸಬೇಕು. ಸಿಬುಟ್ರಮೈನ್ ಎಂಬ ಔಷಧಿ ಹಸಿವು ತಗ್ಗಿಸುತ್ತಿತ್ತು, ಕೆಲಸವನ್ನೂ ಮಾಡುತ್ತಿತ್ತು. ಹೃದ್ರೋಗದ ಅಪಾಯವಿದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಿದ್ದು ದೊಡ್ಡ ಪ್ರಯೋಗವೊಂದರಲ್ಲಿ ಕಂಡ ಮೇಲೆ 2010ರಲ್ಲಿ ಯುರೋಪ್, ಅಮೆರಿಕಗಳಲ್ಲಿ ಅದು ನಿಂತಿತು, 2011ರಲ್ಲಿ ಭಾರತವೂ ನಿಷೇಧಿಸಿತು. ಔಷಧಿ ಅಂಗಡಿಯಿಂದ ಹೋದದ್ದು ಹಿಂಬಾಗಿಲಿನಿಂದ ಬಂತು. 'ನೈಸರ್ಗಿಕ' ಎಂದು ಮಾರುವ ತೂಕದ ಮಾತ್ರೆಗಳಲ್ಲಿ ಹೇಳದೆ ಕೇಳದೆ ಬೆರೆಸಿದ ಸಿಬುಟ್ರಮೈನ್ ಅನ್ನು ಎಫ್‌ಡಿಎ ಇಂದಿಗೂ ವರ್ಷ ವರ್ಷವೂ ಪತ್ತೆ ಮಾಡುತ್ತಲೇ ಇದೆ. ಎಫೆಡ್ರಾ ಎಂಬ ಗಿಡದ ಸಾರಕ್ಕಂತೂ ಬೆರಕೆಯೂ ಬೇಕಿರಲಿಲ್ಲ. ಅಪ್ಪಟ ಗಿಡವೇ ರಕ್ತದೊತ್ತಡ ಏರಿಸಿ ಎದೆಬಡಿತ ಕೆಡಿಸುತ್ತಿತ್ತು. 2003ರಲ್ಲಿ ಅಮೆರಿಕದ ಬೇಸ್‌ಬಾಲ್ ಆಟಗಾರ ಸ್ಟೀವ್ ಬೆಕ್ಲರ್ 23ರ ವಯಸ್ಸಿನಲ್ಲಿ ತರಬೇತಿಯ ನಡುವೆ ಕುಸಿದು ಸತ್ತರು. ಅವರು ಅದನ್ನು ತೆಗೆದುಕೊಳ್ಳುತ್ತಿದ್ದರು. ಮರುವರ್ಷ ಪೂರಕಗಳಲ್ಲಿ ಅದರ ಮಾರಾಟ ನಿಷೇಧವಾಯಿತು. ಗಿಡದಿಂದ ಬಂದದ್ದು ಕೆಡುಕು ಮಾಡುವುದಿಲ್ಲ ಎನ್ನುವವರು ದತ್ತೂರವನ್ನು ಮರೆತಿರುತ್ತಾರೆ.

ಪೂರಕಗಳಿಂದಾದ ತೊಂದರೆಗೆ ಅಮೆರಿಕದ ತುರ್ತು ಚಿಕಿತ್ಸಾ ಘಟಕಗಳಿಗೆ ವರ್ಷಕ್ಕೆ ಸುಮಾರು 23,000 ಭೇಟಿಗಳು ನಡೆಯುತ್ತವೆ ಎಂದು 2015ರ ಅಧ್ಯಯನವೊಂದು ಅಂದಾಜಿಸಿತು. ಎದೆಬಡಿತ, ಎದೆನೋವು ಎಂದು ಬಂದ ಪ್ರಕರಣಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು, ತೂಕ ಇಳಿಸುವ ಅಥವಾ ಚೈತನ್ಯ ಕೊಡುವ ಉತ್ಪನ್ನಗಳಿಂದ ಆದವು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ 20ರಿಂದ 34ರ ವಯಸ್ಸಿನವರು. ಹೃದಯದ ಹೆಸರು ಕೇಳಿದರೆ ಬೆಚ್ಚುವ ಹಾಸನದಲ್ಲಿ ಕುಳಿತು ಈ ಅಂಕಿಗಳನ್ನು ಓದುವಾಗ ಮೈ ಝುಮ್ಮೆನ್ನುತ್ತದೆ.

ಈಗ ಅತ್ತಿಗೆಯ ಮೊದಲ ಪ್ರಶ್ನೆ, ಸುಸ್ತು. ಇಲ್ಲಿ ಉತ್ತರ ಅಷ್ಟು ನಿರಾಶೆಯದಲ್ಲ.

'ಶಕ್ತಿ' ಎಂಬ ಪದವೇ ಗೊಂದಲ ಮಾಡುತ್ತದೆ. ಡಬ್ಬಿಯ ಹಿಂದೆ ಶಕ್ತಿ ಇಷ್ಟು ಕಿಲೋಕ್ಯಾಲರಿ ಎಂದು ಬರೆದಿರುವುದು ಬೇರೆ, ಬೆಳಿಗ್ಗೆ ಎದ್ದಾಗ ಮೈಯಲ್ಲಿ ಕಾಣುವ ಹುರುಪು ಬೇರೆ. ನೂರು ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ ಸುಮಾರು 320 ಕಿಲೋಕ್ಯಾಲರಿ ಇದೆ, ಅದು ಮೊದಲ ಬಗೆಯ ಶಕ್ತಿ. ವಿಟಮಿನ್‌ಗಳಲ್ಲಿ ಇಂಥ ಶಕ್ತಿ ಸೊನ್ನೆ. ಅವು ಊಟದಿಂದ ಶಕ್ತಿ ತೆಗೆಯುವ ಕೆಲಸದ ಆಳುಗಳು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಮುಂದೆ ಬೇಕಾದಷ್ಟು ಆಳುಗಳಿರುವಾಗ ಇನ್ನೂ ಹತ್ತು ಜನರನ್ನು ತಂದು ನಿಲ್ಲಿಸಿದರೆ ಕಾಫಿ ಹಣ್ಣು ಹೆಚ್ಚಾಗುವುದಿಲ್ಲ, ಕೂಲಿ ದಂಡ. ಆಳೇ ಇಲ್ಲದ ದಿನ ಒಬ್ಬ ಬಂದರೂ ವ್ಯತ್ಯಾಸ ಗೊತ್ತಾಗುತ್ತದೆ. ಕೊರತೆ ಇಲ್ಲದವರು ಬಿ ವಿಟಮಿನ್ ನುಂಗಿದರೆ ಮೂತ್ರ ಗಾಢ ಹಳದಿಯಾಗುತ್ತದೆ, ಅಷ್ಟೇ ಲಾಭ.

ಚೈತನ್ಯದ ಡಬ್ಬಿಗಳಲ್ಲಿ ಕೂಡಲೇ ಕೆಲಸ ಮಾಡಿದಂತೆ ಕಾಣುವ ಒಂದೇ ಪದಾರ್ಥ ಕೆಫೀನ್. ದಿನವಿಡೀ ಮಿದುಳಿನಲ್ಲಿ ಅಡಿನೋಸಿನ್ ಎಂಬ ರಾಸಾಯನಿಕ ಸೇರುತ್ತಾ ಹೋಗಿ 'ಇನ್ನು ಸಾಕು, ಮಲಗು' ಎಂದು ಹೇಳುತ್ತದೆ. ಕೆಫೀನ್ ಆ ಮಾತು ಕೇಳಿಸದಂತೆ ಕಿವಿ ಮುಚ್ಚುತ್ತದೆ. ದಣಿವು ಹೋಗಿರುವುದಿಲ್ಲ, ಅದರ ಸದ್ದು ಹೋಗಿರುತ್ತದೆ. ಕುಡಿದದ್ದರಲ್ಲಿ ಅರ್ಧ ದೇಹದಿಂದ ಇಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಆರಕ್ಕೆ ಚೈತನ್ಯದ ಪುಡಿ ಕುಡಿದವರು ರಾತ್ರಿ ಹನ್ನೊಂದಕ್ಕೆ ಮಗ್ಗುಲು ಬದಲಿಸುತ್ತಾರೆ, ಬೆಳಿಗ್ಗೆ ಇನ್ನಷ್ಟು ಸುಸ್ತಾಗಿ ಎದ್ದು ಇನ್ನೊಂದು ಚಮಚ ಹಾಕಿಕೊಳ್ಳುತ್ತಾರೆ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂವರೆಗೆ ತೊಂದರೆಯಿಲ್ಲ, ಗರ್ಭಿಣಿಯರಿಗೆ 200. ನಮ್ಮ ದೇಶದಲ್ಲಿ ಎನರ್ಜಿ ಡ್ರಿಂಕ್‌ಗೆ ಲೀಟರಿಗೆ 300 ಮಿಲಿಗ್ರಾಂ ಎಂಬ ಮಿತಿ ಇದೆ. 250 ಮಿಲಿಲೀಟರಿನ ಒಂದು ಕ್ಯಾನ್‌ನಲ್ಲಿ ಹೆಚ್ಚೆಂದರೆ 75. ಕ್ಯಾನ್ ಕೊಳ್ಳುವವರಿಗೆ ಲೆಕ್ಕ ಹಾಕಲು ಸಂಖ್ಯೆಯಾದರೂ ಇದೆ. ಅತ್ತಿಗೆಯ ಡಬ್ಬಿಯಲ್ಲಿ ಚಮಚಕ್ಕೆ ಎಷ್ಟು ಕೆಫೀನ್ ಎಂದು ಎಲ್ಲೂ ಬರೆದಿರಲಿಲ್ಲ.

ಆದರೆ ಸುಸ್ತಿಗೆ ನಿಜವಾದ ಕಾರಣವಿರುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಕರ್ನಾಟಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು. ಅದೇ ಸಮೀಕ್ಷೆಯಲ್ಲಿ ದೇಶದ ಹೆಂಗಸರಲ್ಲಿ ನಾಲ್ಕರಲ್ಲಿ ಒಬ್ಬರ ತೂಕ ಹೆಚ್ಚು. ಮೈ ತುಂಬಿಕೊಂಡವರಿಗೆ ರಕ್ತ ಕಡಿಮೆ ಇರಲಾರದು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಅದು ತಪ್ಪು. ಅನ್ನ, ರೊಟ್ಟಿ ಹೊಟ್ಟೆ ತುಂಬಿಸುತ್ತವೆ, ಕಬ್ಬಿಣ ತುಂಬಿಸುವುದಿಲ್ಲ. ಒಂದೇ ದೇಹದಲ್ಲಿ ತೂಕ ಹೆಚ್ಚು, ಹಿಮೋಗ್ಲೋಬಿನ್ ಕಡಿಮೆ ಎರಡೂ ಇರಬಹುದು. ಹಾಗೆ ಇದ್ದವರು ಬೊಜ್ಜಿನಿಂದಲೇ ಸುಸ್ತು ಎಂದುಕೊಂಡು ಊಟ ಬಿಟ್ಟು, ಇನ್ನಷ್ಟು ಸೊರಗುತ್ತಾರೆ.

ಕಬ್ಬಿಣದ ಮಾತ್ರೆ ಕೂಡ ಪೂರಕವೇ. ಅದು ಕೆಲಸ ಮಾಡುತ್ತದೆ ಎನ್ನುವುದಕ್ಕೆ ಗಟ್ಟಿ ಸಾಕ್ಷಿ ಇದೆ. ರಕ್ತಹೀನತೆಯ ಮಟ್ಟಕ್ಕೆ ಇಳಿಯದೆ, ದೇಹದ ಕಬ್ಬಿಣದ ದಾಸ್ತಾನು ಮಾತ್ರ ಕಡಿಮೆಯಿದ್ದು ಸದಾ ಸುಸ್ತು ಎನ್ನುತ್ತಿದ್ದ 198 ಹೆಂಗಸರ ಮೇಲೆ ಫ್ರಾನ್ಸ್‌ನಲ್ಲಿ ನಡೆದ ಪ್ರಯೋಗ 2012ರಲ್ಲಿ ಪ್ರಕಟವಾಯಿತು. ಹನ್ನೆರಡು ವಾರ ಕಬ್ಬಿಣ ತೆಗೆದುಕೊಂಡವರಲ್ಲಿ ಸುಸ್ತಿನ ಅಂಕ ಶೇ 47.7ರಷ್ಟು ಇಳಿಯಿತು. ಹುಸಿ ಮಾತ್ರೆ ನುಂಗಿದವರಲ್ಲೂ ಶೇ 28.8ರಷ್ಟು ಇಳಿಯಿತು. ಈ ಎರಡನೆಯ ಸಂಖ್ಯೆಯನ್ನು ಬಹಳ ಜನ ದಾಟಿ ಹೋಗುತ್ತಾರೆ, ನನಗೆ ಅದೇ ಮುಖ್ಯವಾಗಿ ಕಾಣುತ್ತದೆ. ಏನೂ ಇಲ್ಲದ ಮಾತ್ರೆಯಿಂದ, ಕಾಲ ಕಳೆದದ್ದರಿಂದ, ಯಾರೋ ವಿಚಾರಿಸಿಕೊಂಡದ್ದರಿಂದ ಕಾಲು ಭಾಗಕ್ಕಿಂತ ಹೆಚ್ಚು ಸುಸ್ತು ತಾನಾಗಿ ಹೋಯಿತು. "ನಾನು ಇದನ್ನು ಕುಡಿದು ಮೂರು ತಿಂಗಳಲ್ಲಿ ಹೊಸ ಮನುಷ್ಯಳಾದೆ" ಎನ್ನುವವರು ಸುಳ್ಳು ಹೇಳುತ್ತಿಲ್ಲ. ಹಾಗೆಂದು ಡಬ್ಬಿ ನಿಜ ಹೇಳುತ್ತಿದೆ ಎಂದೂ ಆಗುವುದಿಲ್ಲ.

ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತದೆ. ಶಾಲೆಯ ಹುಡುಗಿಯರಿಗೆ ವಾರಕ್ಕೊಂದು ನೀಲಿ ಮಾತ್ರೆ, ಗರ್ಭಿಣಿಯರಿಗೆ ದಿನಕ್ಕೊಂದು ಕೆಂಪು ಮಾತ್ರೆ. ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ತಂದುಕೊಟ್ಟದ್ದು ಕಿಟಕಿಯ ಮೇಲೆ ಧೂಳು ಹಿಡಿಯುತ್ತದೆ, ಪರಿಚಯದವರು ತಂದ ಎರಡು ಸಾವಿರದ ಡಬ್ಬಿ ದೇವರ ಕೋಣೆಯ ಪಕ್ಕದಲ್ಲಿ ಕೂರುತ್ತದೆ. ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆಯಿಲ್ಲ ಎಂಬುದಷ್ಟೇ ಇದಕ್ಕೆ ಕಾರಣವಲ್ಲ. ಕಬ್ಬಿಣದ ಮಾತ್ರೆ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ, ಮಲಬದ್ಧತೆ ಬರುತ್ತದೆ. ಡಬ್ಬಿಯ ಪುಡಿಗೆ ಚಾಕೊಲೇಟ್ ರುಚಿ.

ಕಾಫಿ ಸೀಮೆಯವರು ತಿಳಿಯಬೇಕಾದ ಇನ್ನೊಂದು ಸಂಗತಿ ಇದೆ. ಊಟದ ಜೊತೆಗೇ ಕಾಫಿ ಕುಡಿದರೆ ಆ ಊಟದ ಕಬ್ಬಿಣ ಹೀರಿಕೊಳ್ಳುವುದು ಶೇ 39ರಷ್ಟು ಕಡಿಮೆಯಾದದ್ದು 1983ರ ಪ್ರಯೋಗವೊಂದರಲ್ಲಿ ಅಳತೆಗೆ ಸಿಕ್ಕಿತು. ಚಹಾದಿಂದ ಶೇ 64. ಅಕ್ಕಿ ರೊಟ್ಟಿಯ ತಟ್ಟೆಯ ಪಕ್ಕದಲ್ಲೇ ಕಾಫಿ ಲೋಟ ಇರದ ಮನೆ ನಮ್ಮ ಕಡೆ ಇದೆಯೇ? ಒಂದು ಗಂಟೆ ಮೊದಲು ಕುಡಿದರೆ ಈ ತೊಂದರೆ ಇಲ್ಲ. ಊಟದ ಜೊತೆ ನಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣ ಹೆಚ್ಚು ಒಗ್ಗುತ್ತದೆ.

ಕಬ್ಬಿಣವೊಂದೇ ಅಲ್ಲ. ಮಾಂಸ, ಮೊಟ್ಟೆ ಮುಟ್ಟದವರಲ್ಲಿ ಬಿ12 ಕಡಿಮೆಯಿರುವುದು ಸಾಮಾನ್ಯ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲೂ ಅದು ಇಳಿಯುತ್ತದೆ. ಕೊರತೆಯಿದ್ದವರಿಗೆ ಬಿ12 ಮಾತ್ರೆಯೋ ಚುಚ್ಚುಮದ್ದೋ ಬೇಕೇ ಬೇಕು. ಥೈರಾಯ್ಡ್ ಕುಂಠಿತವಾದರೆ ಸುಸ್ತೂ ಬರುತ್ತದೆ, ತೂಕವೂ ಏರುತ್ತದೆ, ಅದಕ್ಕೆ ಯಾವ ಪುಡಿಯೂ ಉತ್ತರವಲ್ಲ. ಇಲ್ಲೊಂದು ವಿಚಿತ್ರ ತೊಡಕಿದೆ. ಕೂದಲು, ಉಗುರಿಗೆಂದು ಮಾರುವ ಬಯೋಟಿನ್ ಹೆಚ್ಚು ಪ್ರಮಾಣದಲ್ಲಿ ತಿಂದರೆ ಥೈರಾಯ್ಡ್ ಪರೀಕ್ಷೆಯ ಫಲಿತಾಂಶವೇ ತಪ್ಪಾಗಿ ಬರಬಹುದು. ಹೃದಯಾಘಾತ ಪತ್ತೆ ಹಚ್ಚುವ ಟ್ರೋಪೋನಿನ್ ಪರೀಕ್ಷೆಯೂ ಮೋಸ ಹೋಗಬಹುದು ಎಂದು ಎಫ್‌ಡಿಎ 2017ರಲ್ಲಿ ಎಚ್ಚರಿಸಿತು. ರಾತ್ರಿ ಗೊರಕೆ ಹೊಡೆದು, ಉಸಿರು ಕಟ್ಟಿ, ಹಗಲು ತೂಕಡಿಸುವ ಗಂಡಸರು ಶಕ್ತಿಯ ಮಾತ್ರೆ ಹುಡುಕುವುದನ್ನೂ ನೋಡಿದ್ದೇನೆ. ಅವರಿಗೆ ಬೇಕಾಗಿರುವುದು ನಿದ್ದೆಯ ಪರೀಕ್ಷೆ.

ಇಷ್ಟೆಲ್ಲ ಇದ್ದೂ ಇವು ಅಂಗಡಿಗೆ ಹೇಗೆ ಬರುತ್ತವೆ? ಕಾನೂನಿನ ಕಣ್ಣಿಗೆ ಇವು ಔಷಧಿಗಳಲ್ಲ, ಆಹಾರ. ಔಷಧಿ ಮಾರುವವನು ಅದು ಕೆಲಸ ಮಾಡುತ್ತದೆ ಎಂದು ಮೊದಲೇ ಸಾಬೀತು ಮಾಡಬೇಕು. ಪೂರಕ ಮಾರುವವನಿಗೆ ಆ ಹೊರೆ ಇಲ್ಲ. ನಮ್ಮ ದೇಶದ ಆಹಾರ ಸುರಕ್ಷತಾ ಸಂಸ್ಥೆಯಾದ ಎಫ್‌ಎಸ್‌ಎಸ್‌ಎಐನ ನಿಯಮಗಳು 2018ರಿಂದ ಜಾರಿಯಲ್ಲಿವೆ. ಯಾವ ಪದಾರ್ಥ ಎಷ್ಟಿರಬಹುದು ಎಂಬ ಪಟ್ಟಿ ಇದೆ, ಔಷಧಿಯಾಗಿ ಬಳಸಲು ಅಲ್ಲ ಎಂದು ಲೇಬಲ್ ಮೇಲೆ ಬರೆಯಲೇಬೇಕು. ಅತ್ತಿಗೆಯ ಡಬ್ಬಿಯ ಮೇಲೂ ಇತ್ತು, ಮುಂಬದಿಯ 'ಬೊಜ್ಜಿಗೆ ವಿದಾಯ'ಕ್ಕಿಂತ ಹತ್ತು ಪಟ್ಟು ಸಣ್ಣ ಅಕ್ಷರದಲ್ಲಿ. ಹದಿನಾಲ್ಕು ಅಂಕಿಯ ಲೈಸೆನ್ಸ್ ಸಂಖ್ಯೆ ಇದ್ದರೆ ತಯಾರಕ ನೋಂದಾಯಿತ ಎಂದಷ್ಟೇ ಅರ್ಥ. ತಮಾಷೆ ಎಂದರೆ, 1954ರ ಮಾಂತ್ರಿಕ ಪರಿಹಾರಗಳ ಜಾಹೀರಾತು ಕಾಯ್ದೆ, ಗುಣಪಡಿಸುತ್ತೇವೆ ಎಂದು ಜಾಹೀರಾತು ಕೊಡಬಾರದ ಕಾಯಿಲೆಗಳ ಪಟ್ಟಿಯಲ್ಲಿ ಬೊಜ್ಜನ್ನೂ ಸೇರಿಸಿದೆ. ಹಿಂದಿನವರಿಗೂ ಈ ವ್ಯಾಪಾರದ ಪರಿಚಯ ಚೆನ್ನಾಗಿತ್ತು ಎಂದಾಯಿತು.

ಒಳಗಿರುವುದು ಲೇಬಲ್‌ನಲ್ಲಿ ಬರೆದಷ್ಟೇ ಎಂಬ ಖಾತರಿಯೂ ಇಲ್ಲ. ಭಾರತದಲ್ಲಿ ಮಾರುವ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ಶೇ 70ರಷ್ಟರ ಪ್ರೋಟೀನ್ ಲೆಕ್ಕ ಲೇಬಲ್‌ಗೆ ತಾಳೆಯಾಗಲಿಲ್ಲ. ಹುರುಳಿಕಾಳಿನಲ್ಲಿ ನೂರಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಭಾಗ ಪ್ರೋಟೀನ್ ಇದೆ, ಅದಕ್ಕೆ ಲೇಬಲ್ಲೇ ಇಲ್ಲ.

ನ್ಯಾಯವಾಗಿ ಹೇಳಬೇಕಾದ ಒಂದು ಮಾತು ಉಳಿದಿದೆ. ಊಟದ ಬದಲು ಶೇಕ್ ಕುಡಿಸುವ ನ್ಯೂಟ್ರಿಷನ್ ಕ್ಲಬ್‌ಗಳಿಗೆ ಹೋಗಿ ಇಳಿದವರು ನಿಜವಾಗಿಯೂ ಇಳಿದಿದ್ದಾರೆ. ರಾತ್ರಿಯ ಎರಡು ಮುದ್ದೆ, ಅನ್ನ, ಸಾರು ಬಿಟ್ಟು ಇನ್ನೂರು ಕ್ಯಾಲರಿಯ ಶೇಕ್ ಕುಡಿದರೆ ಇಳಿಯದೆ ಇರುವುದು ಹೇಗೆ? ಬ್ರಿಟನ್ನಿನಲ್ಲಿ ಸಕ್ಕರೆ ಕಾಯಿಲೆಯವರಿಗೆ ಕೆಲವು ತಿಂಗಳು ಊಟವನ್ನೇ ಬಿಡಿಸಿ, ದಿನಕ್ಕೆ ಸುಮಾರು 850 ಕ್ಯಾಲರಿಯ ಸೂಪ್, ಶೇಕ್ ಮಾತ್ರ ಕೊಟ್ಟ ಪ್ರಯೋಗದಲ್ಲಿ ವರ್ಷದ ಕೊನೆಗೆ ಶೇ 46ರಷ್ಟು ಮಂದಿಯ ಸಕ್ಕರೆ ಔಷಧಿಯಿಲ್ಲದೆ ಹತೋಟಿಗೆ ಬಂದಿತ್ತು. ಆದರೆ ಅಲ್ಲಿ ಔಷಧಿ ಬದಲಿಸಲು ವೈದ್ಯರಿದ್ದರು, ಮತ್ತೆ ಊಟಕ್ಕೆ ಮರಳುವುದನ್ನು ಹಂತಹಂತವಾಗಿ ಕಲಿಸುವವರಿದ್ದರು. ಇಲ್ಲಿ ಶೇಕ್ ಕುಡಿಸುವವರೇ ನಿಮ್ಮ ಕೈಕೆಳಗೆ ಇನ್ನಿಬ್ಬರನ್ನು ಸೇರಿಸಿ ಎನ್ನುತ್ತಾರೆ. ಇನ್ಸುಲಿನ್ ತೆಗೆದುಕೊಳ್ಳುವವರು ಯಾರಿಗೂ ಹೇಳದೆ ಇದಕ್ಕೆ ಇಳಿದರೆ ಸಕ್ಕರೆ ಕುಸಿದು ಬೀಳುವ ಅಪಾಯ ನಿಜವಾದದ್ದು.

ಅತ್ತಿಗೆಗೆ ಇಷ್ಟು ಉದ್ದ ಹೇಳಲಿಲ್ಲ. ಮೊದಲು ರಕ್ತ ಪರೀಕ್ಷೆ ಮಾಡಿಸೋಣ ಎಂದೆ. ಮರುದಿನ ವರದಿ ಬಂತು: ಹಿಮೋಗ್ಲೋಬಿನ್ 9.4. ಹನ್ನೆರಡಾದರೂ ಇರಬೇಕಿತ್ತು. ಥೈರಾಯ್ಡ್ ಸರಿಯಿತ್ತು. ವೈದ್ಯರು ಮುಟ್ಟಿನ ರಕ್ತಸ್ರಾವದ ಬಗ್ಗೆ ಕೇಳಿದರು. ವರ್ಷದಿಂದ ಹೆಚ್ಚಾಗಿದ್ದನ್ನು ಅತ್ತಿಗೆ ಯಾರಿಗೂ ಹೇಳಿರಲಿಲ್ಲ. ಕಬ್ಬಿಣದ ಮಾತ್ರೆ ಬರೆದರು, ಸ್ಕ್ಯಾನಿಂಗ್‌ಗೆ ಕಳಿಸಿದರು, ತಿಂಡಿಯ ಜೊತೆ ಕಾಫಿ ಬೇಡ ಎಂದರು. ಕೊನೆಯದಕ್ಕೆ ಮಾತ್ರ ಅತ್ತಿಗೆ ಮುಖ ಸಿಂಡರಿಸಿದರು. ಎರಡು ತಿಂಗಳ ನಂತರ ಫೋನಿನಲ್ಲಿ, ಗುಡ್ಡದ ಮೇಲಿನ ಪ್ಲಾಟಿಗೆ ಮಧ್ಯೆ ಕೂರದೆ ಹತ್ತಿ ಬಂದೆ ಎಂದರು. ತೂಕ ಹಾಗೆಯೇ ಇದೆಯಂತೆ. ಅದಕ್ಕೆ ಮುದ್ದೆಯ ಗಾತ್ರದ ಜೊತೆ ಬೇರೆಯೇ ಮಾತುಕತೆ ನಡೆಯಬೇಕು, ಇನ್ನೂ ಶುರುವಾಗಿಲ್ಲ.

"ಆ ಡಬ್ಬಿ ಅರ್ಧ ಉಳಿದಿದೆಯಲ್ಲ, ದುಡ್ಡು ಕೊಟ್ಟದ್ದು, ಚೆಲ್ಲಲು ಮನಸ್ಸು ಬರುವುದಿಲ್ಲ. ಏನು ಮಾಡಲಿ?" ಎಂದು ಕೇಳಿದರು.

"ಕಾಫಿ ಗಿಡದ ಬುಡಕ್ಕೆ ಹಾಕಿ ಅತ್ತಿಗೆ, ಬಂದ ಜಾಗಕ್ಕೇ ಹೋಗಲಿ" ಎಂದೆ.

"ಗಿಡ ಸಣ್ಣಗಾದರೆ ನೀನೇ ಹೊಣೆ" ಎಂದು ಫೋನ್ ಇಟ್ಟರು.